ಕಪ್ಪತಗುಡ್ಡಕ್ಕೆ ಬೇಸಿಗೆಯಲ್ಲಿ ಬನ್ನಿ

‘ಎಪ್ಪತ್ತು ಗಿರಿ ನೋಡೋದಕ್ಕಿಂತ ಕಪ್ಪತಗಿರಿ ನೋಡು’ ಎಂಬ ಮಾತು ಗದಗ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆಲ್ಲ ಬಾಯಿಪಾಠ. ಯಾವ ತಿಂಗಳಲ್ಲಿ ನೋಡಬೇಕೆಂದು ಮಾತ್ರ ಗಾದೆ ಹೇಳಿಲ್ಲ. ಹಾಗಾಗಿ ಜನ ಶ್ರಾವಣವನ್ನು ತಾವೇ ಗೊತ್ತು ಮಾಡಿಕೊಂಡಿದ್ದಾರೆ. ಗುಡ್ಡ ಹಸಿರಾಗಿರುವ ಆ ಕೆಲವು ವಾರ ಹುಬ್ಬಳ್ಳಿ, ಕೊಪ್ಪಳ, ದಾವಣಗೆರೆಯಿಂದ ಕಾರುಗಳು ಬರುತ್ತವೆ, ಫೋಟೊಗಳು ಹೋಗುತ್ತವೆ, ಪ್ರತಿ ಫೋಟೊದ ಕೆಳಗೂ ‘ಉತ್ತರ ಕರ್ನಾಟಕದ ಸಹ್ಯಾದ್ರಿ’ ಎಂಬ ಬಿರುದು ಬೀಳುತ್ತದೆ. ಈ ಬಿರುದಿನ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಸಹ್ಯಾದ್ರಿಯಂತೆ ಕಂಡಾಗ ಮಾತ್ರ ಈ ಗುಡ್ಡ ಚೆಂದವಾದರೆ, ಹಾಗೆ ಕಾಣದ ಉಳಿದ ತಿಂಗಳುಗಳಲ್ಲಿ ಇದೇನು? ಬೋಳುಗುಡ್ಡವೆ? ಬರೀ ಕಲ್ಲುಮಣ್ಣೆ? ಹಾಗೆಂದು ನಿಜವಾಗಿಯೂ ವಾದಿಸಿದವರಿದ್ದಾರೆ. ಆ ಮಾತಿಗೆ ಮುಂದೆ ಬರುತ್ತೇನೆ.

ಗದಗಿನ ಮಗ್ಗುಲಲ್ಲಿರುವ ಬಿಂಕದಕಟ್ಟಿಯಿಂದ ಹೊರಟು ಆಗ್ನೇಯಕ್ಕೆ ಸಾಗಿ, ಮುಂಡರಗಿ ತಾಲೂಕಿನ ಸಿಂಗಟಾಲೂರಿನಲ್ಲಿ ತುಂಗಭದ್ರೆಯ ದಂಡೆ ಮುಟ್ಟುವ ಈ ಗುಡ್ಡಸಾಲು ಅರವತ್ತು ಕಿಲೋಮೀಟರಿಗೂ ಉದ್ದ. ಸುತ್ತ ಮಟ್ಟಸವಾದ ಎರೆ ಭೂಮಿ, ನಡುವೆ ಏಕಾಏಕಿ ಎದ್ದು ನಿಂತ ಕೆಂಪು, ಕಂದು, ಅಲ್ಲಲ್ಲಿ ನೀಲಿಗಪ್ಪು ಕಲ್ಲು. ಕಬ್ಬಿಣದ ಅಂಶ ತುಂಬಿದ, 250 ಕೋಟಿ ವರ್ಷಕ್ಕೂ ಹಳೆಯದಾದ ಪದರಶಿಲೆ ಇದು. ಎಷ್ಟೋ ಕಡೆ ಕಲ್ಲನ್ನು ಕೈಯಲ್ಲಿ ಹಿಡಿದರೆ ಅಳತೆಗೆ ಮೀರಿದ ಭಾರ ಇರುತ್ತದೆ. ಘಟ್ಟ ದಾಟಿ ಬರುವ ಮೋಡದಲ್ಲಿ ಇಲ್ಲಿಗೆ ಮುಟ್ಟುವಷ್ಟರಲ್ಲಿ ನೀರು ಅರೆಬರೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ ರೈತರು ಸಮಾಧಾನಪಡುತ್ತಾರೆ. ಇಷ್ಟು ಕಡಿಮೆ ನೀರಿನಲ್ಲಿ ಬದುಕುವುದನ್ನು ಕಲಿತ ಗಿಡ, ಹುಲ್ಲು, ಪ್ರಾಣಿಗಳೇ ಇಲ್ಲಿನ ಕಾಡು. ಸಹ್ಯಾದ್ರಿಯ ಅಳತೆಗೋಲು ಇಲ್ಲಿ ಕೆಲಸಕ್ಕೆ ಬಾರದು.

ನಾನು ಹತ್ತುವುದು ಸಾಮಾನ್ಯವಾಗಿ ಡೋಣಿಯ ಕಡೆಯಿಂದ. ಗದಗಿನಿಂದ ನಸುಕಿನ ಮುಂಡರಗಿ ಬಸ್ಸು ಹಿಡಿದು ಡಂಬಳಕ್ಕೆ ಇಳಿದರೆ ಚಹಾದಂಗಡಿ ಆಗಲೇ ತೆರೆದಿರುತ್ತದೆ. ಸಮಯವಿದ್ದರೆ ದೊಡ್ಡಬಸಪ್ಪನ ಗುಡಿಗೆ ಒಂದು ಸುತ್ತು. ಚಾಲುಕ್ಯರ ಕಾಲದ ಈ ಗುಡಿಯ ಗರ್ಭಗೃಹದ ಹೊರಗೋಡೆ 24 ಮೂಲೆಯ ನಕ್ಷತ್ರದಂತೆ ತಿರುಗಿ ತಿರುಗಿ ಸಾಗುತ್ತದೆ. ಬೆಳಗಿನ ಓರೆ ಬಿಸಿಲು ಒಂದೊಂದು ಮೂಲೆಯ ಮೇಲೂ ಬೇರೆ ಬೇರೆಯಾಗಿ ಬೀಳುವುದನ್ನು ನೋಡುವುದಕ್ಕಾದರೂ ಬೇಗ ಬರಬೇಕು. ಊರ ಹೊರಗಿನ ದೊಡ್ಡ ಕೆರೆಗೆ ಗುಡ್ಡದ ಹಳ್ಳಗಳೇ ನೀರು ತರುತ್ತವೆ. ಕೆರೆ ತುಂಬಿದ ವರ್ಷ ಡಂಬಳದವರ ಮಾತಿನ ಧಾಟಿಯೇ ಬೇರೆ. ಅಲ್ಲಿಂದ ಡೋಣಿ, ಆಮೇಲೆ ಗುಡ್ಡದ ಬುಡ, ಕಪ್ಪತಮಲ್ಲೇಶ್ವರನ ಗುಡಿ, ಮೇಲಕ್ಕೆ ಗಾಳಿಗುಂಡಿ ಬಸವಣ್ಣ. ಒಂದು ದಿನದ ಕಾಲ್ನಡಿಗೆಗೆ ಇಷ್ಟು ಸಾಕು.

ಗಾಳಿಗುಂಡಿ ಎಂಬ ಹೆಸರು ಎಷ್ಟು ನಿಜವೆಂದು ತಿಳಿಯಬೇಕಾದರೆ ಮಿರಗದ ಮಳೆಯ ದಿನಗಳಲ್ಲಿ ಬರಬೇಕು. ಜೂನ್ ಹುಟ್ಟಿದರೆ ಪಡುವಣ ಗಾಳಿ ಹಗಲೂ ರಾತ್ರಿ ನಿಲ್ಲದೆ ಬೀಸುತ್ತದೆ. ಶಿಖರದ ಅಂಚಿನಲ್ಲಿ ನಿಂತು ಮಾತಾಡಿದರೆ ಪಕ್ಕದವನಿಗೆ ಕೇಳದು. ಟವೆಲು, ಟೋಪಿ, ಊಟ ಕಟ್ಟಿದ ಕಾಗದ ಯಾವುದೂ ಕೈಯಲ್ಲಿ ನಿಲ್ಲದು. ಮೋಡಗಳು ತಲೆಗೆ ತಾಗುವಷ್ಟು ಕೆಳಗೆ ಓಡುತ್ತವೆ, ಮಳೆಯನ್ನು ಮಾತ್ರ ಮುಂದಿನ ಊರಿಗೆಂದು ಎತ್ತಿಕೊಂಡು ಹೋಗುತ್ತವೆ. ಕೆಳಗೆ ಬಿತ್ತಿ ಕುಳಿತ ರೈತನಿಗೆ ಇದೊಂದು ವರ್ಷಾವರ್ಷದ ಪರೀಕ್ಷೆ. ನಮ್ಮ ಸೀಮೆಯ ದೊಡ್ಡ ಮಳೆ ಬರುವುದು ಹುಬ್ಬಿ, ಉತ್ತರಿ, ಹಸ್ತ, ಚಿತ್ತಿಯಲ್ಲಿ. ಅಲ್ಲಿಯವರೆಗೆ ಬರುವುದೆಲ್ಲ ಹನಿ, ತುಂತುರು, ಆಸೆ.

ಈ ಗಾಳಿಯನ್ನೇ ನಂಬಿ ಸಾಲಿನುದ್ದಕ್ಕೂ ಗಾಳಿಯಂತ್ರಗಳು ನಿಂತಿವೆ. ದೂರದಿಂದ ಅವು ಚೆಂದವೆಂದು ಒಪ್ಪುತ್ತೇನೆ. ಹತ್ತಿರ ಹೋದರೆ ರೆಕ್ಕೆ ಸುತ್ತುವ ಹೊಡೆತಕ್ಕೆ ಎದೆಯೊಳಗೆ ಏನೋ ಅದುರುತ್ತದೆ. ಹೊಗೆಯಿಲ್ಲದ ವಿದ್ಯುತ್ತು ಬೇಡವೆನ್ನಲು ನಾನು ಯಾರು? ಆದರೆ ಒಂದೊಂದು ಕಂಬ ನಿಲ್ಲಿಸಲು ಗುಡ್ಡದ ನೆತ್ತಿಯನ್ನು ಸಪಾಟು ಮಾಡಬೇಕು, ಅಲ್ಲಿಗೆ ದೊಡ್ಡ ಲಾರಿ ಹತ್ತುವ ರಸ್ತೆ ಕಡಿಯಬೇಕು. ಆ ರಸ್ತೆಗಳ ಬದಿಯಿಂದ ಮಳೆಗಾಲದಲ್ಲಿ ಕೆಂಪು ನೀರು ಇಳಿಯುವುದನ್ನು ನೋಡಿದಾಗ, ಗಾಳಿಯ ವಿದ್ಯುತ್ತೂ ಪುಕ್ಕಟೆಯಲ್ಲ ಎನಿಸುತ್ತದೆ. ಬಿಲ್ಲು ಗುಡ್ಡದ ಹೆಸರಿಗೆ ಬರುತ್ತದೆ, ಅಷ್ಟೆ.

ಮೊದಲ ನಾಲ್ಕು ಹನಿ ಬಿದ್ದ ಮರುದಿನ ನೆಲ ನೋಡುತ್ತ ನಡೆಯುವುದು ಒಳ್ಳೆಯದು. ಮಕಮಲ್ಲಿನ ತುಣುಕಿನಂಥ ಕೆಂಪು ಮಿರಗದ ಹುಳ ಮಣ್ಣಿನಿಂದ ಮೇಲೆದ್ದು ಗಡಿಬಿಡಿಯಿಲ್ಲದೆ ಓಡಾಡುತ್ತಿರುತ್ತವೆ. ವರ್ಷದ ಬಹುಪಾಲನ್ನು ನೆಲದೊಳಗೆ ಕಳೆದು ಈ ಕೆಲವೇ ದಿನ ಹೊರಗೆ ಬರುವ ಜೀವ. ಹುಲ್ಲಿನ ಬುಡ ಇನ್ನೂ ಕಪ್ಪಾಗಿದ್ದರೂ ನಡುವಿನಿಂದ ಸೂಜಿಯಷ್ಟು ಹಸಿರು ಹೊರಟಿರುತ್ತದೆ. ಎಂಟು ದಿನ ಬಿಟ್ಟು ಬಂದರೆ ಅದೇ ಇಳಿಜಾರು ಗುರುತು ಸಿಗದು.

ಶ್ರಾವಣದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಅದನ್ನು ಎಲ್ಲರೂ ಬರೆದಿದ್ದಾರೆ. ನಾಗರಪಂಚಮಿ ಮುಗಿದ ಮೇಲೆ ಸೋಮವಾರಗಳಂದು ಮಲ್ಲೇಶ್ವರನ ಗುಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಭಕ್ತರು ಬುತ್ತಿ ಬಿಚ್ಚಿ ಸಾಲಾಗಿ ಕೂತು ಉಣ್ಣುವ ನೋಟ ಚೆಂದ: ಕಟಕ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ, ಪಂಚಮಿಯಿಂದ ಉಳಿದ ಉಂಡಿ. ಅವರು ಬಿಟ್ಟು ಹೋಗುವುದು ಚೆಂದವಲ್ಲ. ಹಿಂದೆ ಮುತ್ತಲ ಎಲೆಯ ಪತ್ರಾವಳಿ ಇತ್ತು, ಎಸೆದರೆ ಮಣ್ಣಾಗುತ್ತಿತ್ತು. ಈಗ ಥರ್ಮಾಕೋಲ್ ತಟ್ಟೆಗಳು ಗಾಳಿಗೆ ಹಾರಿ ಮುಳ್ಳುಕಂಟಿಗಳಲ್ಲಿ ಸಿಕ್ಕಿಕೊಂಡು ಮುಂದಿನ ಶ್ರಾವಣದವರೆಗೂ ಅಲ್ಲೇ ಇರುತ್ತವೆ. ಜನಜಂಗುಳಿ ಬಿಟ್ಟು ಅರ್ಧ ತಾಸು ಬದಿಗೆ ನಡೆದರೆ ಪೊದೆಗಳ ಮೇಲೆ ಹಬ್ಬಿದ ಗೌರಿಹೂವು ಸಿಗುತ್ತದೆ. ಅಗ್ನಿಶಿಖೆ ಎಂದೂ ಕರೆಯುತ್ತಾರೆ: ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ಮೇಲಕ್ಕೆ ಮಡಚಿದ ಎಸಳು. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ರೆಂಬೆಯನ್ನು ಹಿಡಿದುಕೊಳ್ಳುತ್ತದೆ. ಗಡ್ಡೆ ಕಡು ವಿಷ. ಸಂಧಿವಾತದ ಒಂದು ಔಷಧಿಯ ಮೂಲವೂ ಈ ಗಿಡದಲ್ಲಿದೆ.

ವಿಷವೂ ಮದ್ದೂ ಒಂದೇ ಗಿಡದಲ್ಲಿರುವ ಈ ಲೆಕ್ಕ ಅರಿತವರು ಗುಡ್ಡದ ಸುತ್ತಲಿನ ಊರುಗಳಲ್ಲಿ ಇನ್ನೂ ಇದ್ದಾರೆ. ಕಪ್ಪತಗುಡ್ಡದ ಹೆಸರು ದೂರದವರೆಗೆ ಹೋದದ್ದೇ ಔಷಧಿ ಗಿಡಗಳಿಂದ. ಸೀಗಿ ಹುಣ್ಣಿಮೆಯ ಆಸುಪಾಸು, ಹಸ್ತದ ಮಳೆ ಹೊಡೆದು ಬಿಟ್ಟ ಬಿಸಿಲಿನಲ್ಲಿ, ನಾಟಿ ಔಷಧಿ ಕೊಡುವ ಒಬ್ಬ ಅಜ್ಜನ ಹಿಂದೆ ನಡೆಯುವ ಅವಕಾಶ ನನಗಿತ್ತು. ವಯಸ್ಸು ಎಪ್ಪತ್ತರ ಮೇಲಿರಬೇಕು, ಏರಿನಲ್ಲಿ ನನಗಿಂತ ಮುಂದೆ. ನಾನು ‘ಗಿಡ’ ಎನ್ನುವ ಕಡೆ ಅವರಿಗೆ ಹೆಸರು, ಹೆಸರಿನ ಹಿಂದೆ ರೋಗ, ರೋಗದ ಹಿಂದೆ ವಾಸಿಯಾದವರ ಊರು. ಅಮೃತಬಳ್ಳಿ, ಶತಾವರಿ, ಬಂದರಿಕೆ, ತಂಗಡಕಿ. ಬಂದರಿಕೆಯ ಅಂಟು ಎಲೆಯನ್ನು ಉಳುಕಿಗೆ ಕಟ್ಟುವುದು ಹೇಗೆಂದು ತೋರಿಸಿದರು. ಒಂದು ಬಳ್ಳಿಯ ಬಳಿ ನಿಂತು ಎರಡು ಎಲೆ ಕಿತ್ತು ನನ್ನ ಕೈಗಿಟ್ಟರು.

“ಜಗೀರಿ. ನುಂಗಬ್ಯಾಡ್ರಿ.”

ಕಹಿಯಾಗಿತ್ತು. ಉಗುಳಿದ ಮೇಲೆ ಚೀಲದಿಂದ ಒಂದು ಉಂಡೆ ಬೆಲ್ಲ ಕೊಟ್ಟರು.

“ಈಗ ಇದನ್ನ ತಿನ್ರಿ. ಹ್ಯಾಂಗೈತಿ?”

“ಮಣ್ಣು ತಿಂದಂಗ ಐತ್ರಿ ಅಜ್ಜಾರ.”

ಅಜ್ಜ ಗಟ್ಟಿಯಾಗಿ ನಕ್ಕರು. ಅದು ಮಧುನಾಶಿನಿ. ಅದರ ಎಲೆಯಲ್ಲಿರುವ ಆಮ್ಲ ನಾಲಗೆಯ ಮೇಲೆ ಸಿಹಿಯನ್ನು ಗುರುತಿಸುವ ಜಾಗಗಳನ್ನು ಸ್ವಲ್ಪ ಹೊತ್ತು ಮುಚ್ಚಿಬಿಡುತ್ತದೆ. ನಾನು ಕೇಳಿದೆ, ಬೇರು ಸಹಿತ ಕಿತ್ತೊಯ್ಯುವವರು ಬರುತ್ತಾರಂತಲ್ಲ ಎಂದು. ಅಜ್ಜನ ನಗು ನಿಂತಿತು. “ಬರ್ತಾರ್ರಿ. ಚೀಲ ತುಂಬಕೊಂಡ ಹೊಕ್ಕಾರ. ನಾವು ಒಂದು ಗಿಡದ್ದು ಎಲಿ ಹರಿದ್ರ ಮುಂದಿನ ಗಿಡ ಬಿಡತೀವಿ. ಅವರಿಗೆ ಮುಂದಿನ ವರ್ಷ ಇಲ್ಲೇನು ಕೆಲಸ?” ಎಂದರು. ಆ ದಿನ ಅವರು ಹರಿದದ್ದು ಒಂದು ಹಿಡಿಯಷ್ಟು. ಪ್ರತಿ ಸಲ ಹರಿಯುವ ಮೊದಲು ಗಿಡವನ್ನು ಮುಟ್ಟಿ ಹಣೆಗೊತ್ತಿಕೊಳ್ಳುತ್ತಿದ್ದರು. ಅದನ್ನು ಮೂಢನಂಬಿಕೆ ಎಂದು ಕರೆಯುವವರು ಕರೆಯಲಿ. ಅವಸರದಲ್ಲಿ ಗುಡಿಸಿ ಒಯ್ಯದಂತೆ ಕೈ ತಡೆಯಲು ನಾನು ಕಂಡ ಕಾನೂನುಗಳಿಗಿಂತ ಅದು ಮೇಲು.

ಗುಡ್ಡ ತುಂಬಿ ತುಳುಕುವುದು ಈ ದಿನಗಳಲ್ಲೇ, ಶ್ರಾವಣದಲ್ಲಲ್ಲ. ಹುಲ್ಲು ಸೊಂಟದೆತ್ತರಕ್ಕೆ ಬಂದು ತೆನೆ ಬಿಟ್ಟಿರುತ್ತದೆ. ನಡೆದರೆ ಪ್ಯಾಂಟಿನ ತುಂಬ ಬೀಜ. ಕಲ್ಲಿನ ಸಂದುಗಳಲ್ಲೆಲ್ಲ ಸೀತಾಫಲ ಬಿರಿದಿರುತ್ತದೆ. ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದ ಗಿಡ ಇದೆಂದು ಹೇಳಿದರೆ ಡೋಣಿಯಲ್ಲಿ ಯಾರೂ ನಂಬಲಾರರು, ಅಷ್ಟು ಇಲ್ಲಿನದಾಗಿದೆ. ತಾಂಡಾದ ಹೆಣ್ಣುಮಕ್ಕಳು ನಸುಕಿನಲ್ಲಿ ಗುಡ್ಡ ಹತ್ತಿ, ಬುಟ್ಟಿ ತುಂಬಿಕೊಂಡು ಹೊತ್ತೇರುವ ಮೊದಲೇ ರಸ್ತೆಗೆ ಇಳಿದಿರುತ್ತಾರೆ. ನಾನು ಚೌಕಾಸಿ ಮಾಡಿದಾಗ ಒಬ್ಬಾಕೆ, “ಯಣ್ಣಾ, ಇದು ಗುಡ್ಡದ ಹಣ್ಣು, ತ್ವಾಟದ್ದಲ್ಲ. ಹತ್ತಿ ತಂದ ಕಾಲಿಗೆ ರೊಕ್ಕ ಕೊಡ” ಎಂದಳು. ಮರುಮಾತಿಲ್ಲದೆ ಕೊಟ್ಟೆ. ತೋಟದ ಹಣ್ಣಿಗಿಂತ ಸಣ್ಣದು, ಬೀಜ ಜಾಸ್ತಿ, ಸಿಹಿ ದುಪ್ಪಟ್ಟು. ಮೇಲಿನಿಂದ ಕೆಳಗೆ ನೋಡಿದರೆ ಮೆಣಸಿನ ಗಿಡದ ಹೊಲ, ಹತ್ತಿ, ಸೂರ್ಯಕಾಂತಿ, ನಡುನಡುವೆ ಹಿಂಗಾರಿ ಜೋಳಕ್ಕೆ ಹರಗಿ ಹದ ಮಾಡಿದ ಕರೀ ನೆಲ. ಎರೆ ಹೊಲದ ಕಪ್ಪು ಮಳೆ ತೊಯ್ದಾಗ ಎಷ್ಟು ಕಪ್ಪಾಗುತ್ತದೆ ಎನ್ನುವುದನ್ನು ಎತ್ತರದಿಂದಲೇ ನೋಡಬೇಕು.

ಚಳಿಗಾಲ ನನ್ನ ಮಟ್ಟಿಗೆ ನಡಿಗೆಯ ಕಾಲ. ಎಳ್ಳಮಾಸಿಯ ಹೊತ್ತಿಗೆ ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ, ಗಾಳಿ ಸುಮ್ಮನಾಗಿರುತ್ತದೆ, ದೂರ ನೋಟ ಸಿಗುತ್ತದೆ. ಸಾಲಿನ ದಕ್ಷಿಣದ ತುದಿಗೆ ಹೋದರೆ ತುಂಗಭದ್ರೆ ಬೆಳ್ಳಗೆ ಹೊಳೆಯುತ್ತದೆ. ಕೆಳಗಿನ ಹೊಲಗಳಲ್ಲಿ ಚಕ್ಕಡಿ, ಟ್ರ್ಯಾಕ್ಟರ್ ತುಂಬ ಮಂದಿ ಚರಗ ಚೆಲ್ಲಲು ಹೊರಟಿರುತ್ತಾರೆ. ಪರಿಚಯವಿಲ್ಲದವರ ಹೊಲದ ಬದುವಿನಲ್ಲಿ ಹಾದುಹೋದರೂ ಅಂದು ಉಣ್ಣದೆ ಮುಂದೆ ಹೋಗಲು ಬಿಡುವುದಿಲ್ಲ. ಅಂದು ಗುಡ್ಡ ಹತ್ತುತ್ತೇನೆಂದು ಹೊರಟವನು ಕಡುಬು, ಸಜ್ಜಿ ರೊಟ್ಟಿ, ಪುಂಡಿಪಲ್ಲೆ ತಿಂದು ಬನ್ನಿಗಿಡದ ನೆರಳಿನಲ್ಲೇ ಮಲಗುವುದೂ ಉಂಟು.

ಈ ಕಾಲದಲ್ಲೇ ನೆಲ ಹೆಚ್ಚು ಮಾತಾಡುತ್ತದೆ. ದಾರಿಯ ದೂಳಿನ ಮೇಲೆ ರಾತ್ರಿಯ ಹೆಜ್ಜೆಗಳು ಅಳಿಸದೆ ಉಳಿದಿರುತ್ತವೆ. ಚಿರತೆ, ತೋಳ, ನರಿ, ಕೊಂಡುಕುರಿ ಇಲ್ಲಿವೆ, ಕತ್ತೆಕಿರುಬವೂ ಇದೆ. ಕಿರುಬವನ್ನು ಕಣ್ಣಾರೆ ಕಾಣುವುದು ಕಷ್ಟ, ಅದರ ಹಿಕ್ಕೆ ಕಾಣುವುದು ಸುಲಭ: ಎಲುಬು ತಿಂದು ಅರಗಿಸುವ ಪ್ರಾಣಿಯಾದ್ದರಿಂದ ಒಣಗಿದ ಮೇಲೆ ಸುಣ್ಣದಂತೆ ಬಿಳಿ. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬು. ಜಿಂಕೆಯಂತೆ ಹಿಂಡಿನಲ್ಲಿರದೆ ಒಂಟಿಯಾಗಿಯೋ ಜೋಡಿಯಾಗಿಯೋ ಓಡಾಡುತ್ತದೆ. ಹುಲ್ಲಿನ ಮೇಲೆ ತೀರ ಕೆಳಗೆ, ತೂಗಿದಂತೆ ಹಾರುವ ಸೆಳೆವ ಹಕ್ಕಿಗಳು ಮಧ್ಯ ಏಷ್ಯಾದ ಕಡೆಯಿಂದ ಬಂದ ಅತಿಥಿಗಳು. ಅವಕ್ಕೆ ಮರ ಬೇಕಿಲ್ಲ, ರಾತ್ರಿ ಹುಲ್ಲಿನ ನಡುವೆ ನೆಲದ ಮೇಲೆ ಮಲಗುತ್ತವೆ. ‘ಗುಡ್ಡ ಬರಿದಾಗಿದೆ, ಗಿಡ ನೆಡೋಣ’ ಎಂದು ಉತ್ಸಾಹದಿಂದ ಬರುವ ಸಂಘಸಂಸ್ಥೆಗಳಿಗೆ ಮೊದಲು ಈ ಹಕ್ಕಿಗಳನ್ನು ತೋರಿಸಬೇಕು. ಬರಿದಾಗಿದೆ ಎಂದು ಅವರು ತಿಳಿದಿರುವುದೇ ಕಾಡು. ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ನೀಲಗಿರಿಯನ್ನೋ ಅಕೇಶಿಯಾವನ್ನೋ ನಾಟಿ ಮಾಡಿ ‘ಹಸಿರೀಕರಣ’ ಎಂದರೆ ಕೊಂಡುಕುರಿಗೂ ತೋಳಕ್ಕೂ ಬುರ್ಲಿಗೂ ಮನೆ ಕಿತ್ತುಕೊಂಡಂತೆ.

ಇಳಿದ ಮೇಲೆ ಸಂಜೆ ಉಳಿದಿದ್ದರೆ ಶಿರಹಟ್ಟಿ ಸೀಮೆಯ ಮಾಗಡಿ ಕೆರೆಗೆ ಹೋಗಬಹುದು. ಮಂಗೋಲಿಯಾ, ಟಿಬೆಟ್‌ಗಳಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ನವೆಂಬರಿನಿಂದ ಫೆಬ್ರುವರಿವರೆಗೆ ಅಲ್ಲಿರುತ್ತವೆ. ರಾತ್ರಿ ಹೊಲಗಳಲ್ಲಿ ಮೇಯ್ದು ಹಗಲು ಕೆರೆಯಲ್ಲಿ ತೇಲುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಹಕ್ಕಿಗಳಿಗೆ ಅದು ಮೊದಲೇ ಗೊತ್ತಿತ್ತು.

ಇನ್ನು ಬೇಸಿಗೆ.

ಶಿವರಾತ್ರಿ ಕಳೆದರೆ ಗುಡ್ಡ ಕಂದು. ಎಲೆ ಉದುರಿ ದಿಂಡಲದ ಬಿಳಿ ಕಾಂಡಗಳು ನಿಚ್ಚಳವಾಗಿ ಕಾಣುತ್ತವೆ. ಒಂದೂ ಎಲೆಯಿಲ್ಲದ ಮುತ್ತಲದ ಗಿಡ ಮೈತುಂಬ ಕೇಸರಿ ಹೂ ಬಿಡುತ್ತದೆ. ಏಪ್ರಿಲ್ ನಡುವಿಗೆ ಕಕ್ಕೆಯ ಹಳದಿ ಗೊಂಚಲು ಜೋತುಬೀಳುತ್ತವೆ. ಹೂ ಬಿಡಲು ಈ ಗಿಡಗಳು ಮಳೆಗೆ ಕಾಯುವುದಿಲ್ಲ ಎನ್ನುವುದನ್ನು ಶ್ರಾವಣದ ಪ್ರವಾಸಿ ಎಂದಿಗೂ ತಿಳಿಯಲಾರ. ಕವಳಿ ಹಣ್ಣು ಕಪ್ಪಾಗುವುದೂ ಬೇಸಿಗೆಯ ಕೊನೆಗೇ. ಬಾಯಿಗೆ ಹಾಲು ಅಂಟಿಸಿಕೊಂಡು ತಿನ್ನುವ ಆ ಹಣ್ಣಿಗೆ ನಮ್ಮ ಕಡೆಯ ಮಕ್ಕಳು ಶಾಲೆ ತಪ್ಪಿಸಬೇಕಾದ್ದಿಲ್ಲ, ರಜೆಯಲ್ಲೇ ಬರುತ್ತದೆ.

ಬಿಸಿಲು ಮಾತ್ರ ಸುಳ್ಳಲ್ಲ. ಹತ್ತು ಗಂಟೆಗೆ ಕಲ್ಲು ಕಾದು ಕೂರಲು ಬಾರದಂತಾಗುತ್ತದೆ. ಅಂಥ ಒಂದು ಬೆಳಗಿನಲ್ಲಿ ಜಾಲಿಯ ತೆಳ್ಳನೆ ನೆರಳಿನಲ್ಲಿ ಕಂಬಳಿ ಹಾಸಿ ಕೂತಿದ್ದ ಕುರಿಗಾಹಿಯೊಬ್ಬರು ನನ್ನನ್ನು ತಡೆದು ಕೇಳಿದರು:

“ಏನ್ ನೋಡಾಕ ಬಂದೀರಿ ಸರ್ರ ಈ ಬಿಸಲಾಗ? ಗುಡ್ಡದಾಗ ಈಗೇನೂ ಇಲ್ರಿ.”

“ಏನೂ ಇಲ್ಲಂದ್ರ ನಿಮ್ಮ ಕುರಿ ಏನ್ ತಿಂತಾವ ಕಾಕಾ?”

“ಅದೂ ಖರೇನ ಬಿಡ್ರಿ” ಎಂದು ನಕ್ಕು, ತಂಬಿಗೆಯ ನೀರು ಮುಂದಿಟ್ಟರು.

ಆಚೆಯ ಇಳಿಜಾರು ಪೂರ್ತಿ ಕರ್ರಗಾಗಿತ್ತು. ಎರಡು ದಿನದ ಹಿಂದೆ ಯಾರೋ ಉರಿ ಹಚ್ಚಿದ್ದರು. ಯಾರು ಎಂದು ನಾನು ಕೇಳಲಿಲ್ಲ. ಕೇಳದಿದ್ದರೂ ಕಾಕಾ ಕಾರಣ ಹೇಳಿದರು. “ಹಳೇ ಹುಲ್ಲು ಸುಟ್ರ ಮಳಿ ಬಿದ್ದ ಕೂಡ್ಲೆ ಎಳೀ ಹುಲ್ಲು ಏಳ್ತೈತ್ರಿ. ನಮ್ಮಪ್ಪನ ಕಾಲದಿಂದನೂ ಹಿಂಗ.” ಈ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಹುಲ್ಲಿನ ಬೇರು ಬೆಂಕಿಗೆ ಸಾಯುವುದಿಲ್ಲ, ಬೂದಿಯ ಮೇಲೆ ಹೊಸ ಚಿಗುರು ಬರುವುದೂ ನಿಜ. ಆದರೆ ವರ್ಷ ವರ್ಷ ಅದೇ ಇಳಿಜಾರು ಸುಟ್ಟರೆ ಎಳೆಯ ಸಸಿ ಒಂದೂ ಉಳಿಯದು, ಬುರ್ಲಿ, ಕೌಜುಗದಂಥ ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗೆ ಜಾಗ ಉಳಿಯದು, ಹೊದಿಕೆಯಿಲ್ಲದ ಮಣ್ಣು ಮೊದಲ ದೊಡ್ಡ ಮಳೆಗೆ ಹಳ್ಳ ಸೇರುತ್ತದೆ. ಮಧುನಾಶಿನಿಯ ಎಲೆ ಹರಿಯಲು ಕೈ ಮುಗಿಯುವ ಅಜ್ಜ ಮತ್ತು ಹುಲ್ಲಿಗೆ ಕಡ್ಡಿ ಗೀರುವ ಕೈ, ಎರಡೂ ಇದೇ ಗುಡ್ಡವನ್ನು ನಂಬಿ ಬದುಕುವವೇ. ಬೆಂಕಿ ನಂದಿಸುವ ಕೆಲಸ ಮಾತ್ರ ಇಬ್ಬರಿಗೂ ಸೇರದ, ದಿನಗೂಲಿಯ ವಾಚರುಗಳ ಪಾಲಿಗೆ ಬಂದಿದೆ. ಹಸಿ ಟೊಂಗೆ ಹಿಡಿದು ಉರಿಯ ಮೇಲೆ ಬಡಿಯುವುದನ್ನು ನೋಡಿದ್ದೇನೆ. ಬೇಸಿಗೆಯ ಮೊದಲೇ ಹುಲ್ಲು ಕೊಯ್ದು ಬೆಂಕಿ ರೇಖೆ ಮಾಡುವ ಕೆಲಸ ನಡೆಯುತ್ತದೆ. ಆ ಕೊಯ್ದ ಹುಲ್ಲನ್ನು ಕುರಿ ದನ ಇರುವವರಿಗೇ ಕೊಟ್ಟು, ರೇಖೆ ಕಾಯುವ ಜವಾಬ್ದಾರಿಯನ್ನೂ ಅವರಿಗೇ ಕೊಡುವುದು ನನಗೆ ಸರಿಯೆನಿಸುವ ದಾರಿ.

ಬೇಸಿಗೆಯ ಈ ಕಂದು ಗುಡ್ಡವನ್ನು ನೋಡಿದಾಗಲೇ ಚಿನ್ನದ ಕಥೆ ನೆನಪಾಗುವುದು. ಡೋಣಿಯ ಹಳ್ಳ, ಸೊರಟೂರಿನ ಹಳ್ಳಗಳ ಮರಳನ್ನು ಜಾಲಿಸಿ ಚಿನ್ನದ ಕಣ ತೆಗೆಯುವ ಜಾಲಗಾರರು ಹಿಂದೆ ಇದ್ದರು. 19ನೇ ಶತಮಾನದ ಬ್ರಿಟಿಷ್ ದಾಖಲೆಗಳಲ್ಲಿ ಅವರ ಮಾತು ಬರುತ್ತದೆ. ಭಾರತದ ಪ್ರಾಗಿತಿಹಾಸದ ಶೋಧಕ್ಕೆ ಹೆಸರಾದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ‘ಡಂಬಳದ ಗುಡ್ಡ’ಗಳ ಚಿನ್ನದ ಕಲ್ಲಿನ ಬಗ್ಗೆ 1874ರಲ್ಲೇ ವರದಿ ಬರೆದ. 20ನೇ ಶತಮಾನದ ಮೊದಲಲ್ಲಿ ಬ್ರಿಟಿಷ್ ಕಂಪನಿಗಳು ಗಣಿ ತೋಡಿ, ಲಾಭ ಸಾಲದೆ ಬಿಟ್ಟುಹೋದವು. ನೂರು ವರ್ಷ ಕಳೆದ ಮೇಲೆ ಯಂತ್ರಗಳು ದೊಡ್ಡವಾದವು, ಟನ್ನಿಗೆ ಕೆಲವೇ ಗ್ರಾಂ ಇದ್ದರೂ ಸಾಕೆನ್ನುವ ಲೆಕ್ಕ ಬಂತು. ಅಂದರೆ ಗುಡ್ಡವನ್ನೇ ಪುಡಿ ಮಾಡಬೇಕು, ಚಿನ್ನ ಬಿಡಿಸಲು ಸಯನೈಡ್ ಬಳಸಬೇಕು. ಕೆಳಗಿನ ಕೆರೆ ಬಾವಿಗಳ ಗತಿ ಏನು ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರವಿಲ್ಲ.

ಈ ಸೀಮೆ ಎದುರಿಸಿದ್ದು ಚಿನ್ನದ ಆಸೆಯನ್ನಷ್ಟೇ ಅಲ್ಲ. 2011ರಲ್ಲಿ ಹಳ್ಳಿಗುಡಿಯ ಸುತ್ತ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡಲು ರೈತರು ಒಪ್ಪದೆ ಎದ್ದು ನಿಂತಾಗ ಪೋಸ್ಕೋ ಕಂಪನಿಯ ಯೋಜನೆ ಹಿಂದೆ ಸರಿಯಿತು. ಆ ಹೋರಾಟದ ಮುಂದೆ ನಿಂತವರು ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ. 2015ರ ಡಿಸೆಂಬರಿನಲ್ಲಿ ಸರ್ಕಾರ ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ವರ್ಷ ತುಂಬುವ ಮೊದಲೇ, 2016ರ ನವೆಂಬರಿನಲ್ಲಿ, ಸ್ಥಳೀಯರ ಅಭಿಪ್ರಾಯ ಕೇಳಿಲ್ಲವೆಂಬ ಕಾರಣ ಕೊಟ್ಟು ಆದೇಶ ಹಿಂತೆಗೆದುಕೊಂಡಿತು. ಸ್ಥಳೀಯರು ಅಭಿಪ್ರಾಯ ಹೇಳಲು ಗದಗಿನ ಬೀದಿಗೇ ಬಂದರು. 2017ರ ಫೆಬ್ರುವರಿಯಲ್ಲಿ ಸ್ವಾಮೀಜಿಯವರ ನೇತೃತ್ವದಲ್ಲಿ ಹಗಲೂ ರಾತ್ರಿ ಧರಣಿ ನಡೆಯಿತು. ರೈತರು, ಮಠದವರು, ಮಾರ್ಕ್ಸ್‌ವಾದಿಗಳು, ನಾಟಿ ವೈದ್ಯರು, ಕಾಲೇಜು ಹುಡುಗರು ಒಂದೇ ಚಪ್ಪರದ ಕೆಳಗೆ ಕೂತರು. ಅದೇ ವರ್ಷ ಏಪ್ರಿಲ್‌ನಲ್ಲಿ ಸಂರಕ್ಷಿತ ಪ್ರದೇಶದ ಸ್ಥಾನ ಮರಳಿ ಬಂತು. 2019ರಲ್ಲಿ 244.15 ಚದರ ಕಿಲೋಮೀಟರ್ ವನ್ಯಜೀವಿ ಅಭಯಾರಣ್ಯವಾಯಿತು. ಅದನ್ನು ನೋಡಲು ಸ್ವಾಮೀಜಿ ಇರಲಿಲ್ಲ. 2018ರ ಅಕ್ಟೋಬರಿನಲ್ಲಿ ಲಿಂಗೈಕ್ಯರಾಗಿದ್ದರು.

ನನ್ನ ಗಮನ ಸೆಳೆಯುವುದು ಆ ಧರಣಿಯ ತಿಂಗಳು. ಫೆಬ್ರುವರಿ. ಗುಡ್ಡದಲ್ಲಿ ತೋರಿಸಿಕೊಳ್ಳಲು ಹಸಿರಿಲ್ಲದ, ಹುಲ್ಲು ಒಣಗಿದ, ಫೋಟೊಕ್ಕೆ ಬಾರದ ಕಾಲ. ‘ಅಲ್ಲೇನಿದೆ ಬೋಳುಗುಡ್ಡ, ಗಣಿ ಬಂದರೆ ನಾಲ್ಕು ಜನಕ್ಕೆ ಕೆಲಸವಾದರೂ ಸಿಗುತ್ತದೆ’ ಎಂಬ ಮಾತನ್ನು ಆಗ ನಾನೂ ಚಹಾದಂಗಡಿಗಳಲ್ಲಿ ಕೇಳಿದ್ದೇನೆ. ಕೆಲಸ ಬೇಕೆನ್ನುವವರ ಕಷ್ಟ ಸುಳ್ಳಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ಸೀಮೆಯ ಎಷ್ಟೋ ಮನೆಗಳು ಬೀಗ ಹಾಕಿಕೊಂಡು ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋಗುತ್ತವೆ. ಆದರೂ ಧರಣಿಯಲ್ಲಿ ಕೂತವರಿಗೆ ಕಂದು ಗುಡ್ಡವೂ ತಮ್ಮದೇ ಆಗಿತ್ತು. ಹುಲ್ಲು ಒಣಗಿದೆ, ಸತ್ತಿಲ್ಲ ಎನ್ನುವುದು ದನ ಕುರಿ ಕಾಯ್ದವರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಹಸಿರು ಕಂಡಾಗ ಮಾತ್ರ ಬರುವ ಮೆಚ್ಚುಗೆಯಿಂದ ಈ ಗುಡ್ಡ ಉಳಿಯುತ್ತಿರಲಿಲ್ಲ.

ಅಭಯಾರಣ್ಯವಾದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ಗಡಿಯ ಸುತ್ತ ಕಲ್ಲು ಕ್ವಾರಿಗಳ ಆಸೆ ಇನ್ನೂ ಸತ್ತಿಲ್ಲ, ರಕ್ಷಣೆಯ ಗೆರೆ ಎಲ್ಲಿವರೆಗೆ ಎಳೆಯಬೇಕೆಂಬ ಜಗ್ಗಾಟವೂ ನಿಂತಿಲ್ಲ. ಅಂಥ ಸಭೆಗಳಲ್ಲಿ ಗುಡ್ಡದ ಪರವಾಗಿ ಮಾತಾಡುವವರು ಗುಡ್ಡವನ್ನು ಎಲ್ಲ ಕಾಲದಲ್ಲೂ ನೋಡಿದವರಾಗಿರಬೇಕು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ಶ್ರಾವಣದಲ್ಲಿ ಬಂದು ಹೋದವರು ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಇನ್ನೊಮ್ಮೆ ಬನ್ನಿ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ, ದಾರಿ ಬಲ್ಲ ಸ್ಥಳೀಯರೊಬ್ಬರನ್ನು ಕರೆದುಕೊಂಡು ಅವರ ದಿನದ ಕೂಲಿ ಕೊಡಿ. ತಲೆಗೊಂದು ಮೂರು ಲೀಟರ್ ನೀರು ಹೊತ್ತುಕೊಳ್ಳಿ; ಮೇಲೆ ಸಿಗುವುದಿಲ್ಲ. ಬೆಳಕು ಹರಿಯುತ್ತಲೇ ಹತ್ತಿ ಹತ್ತೂವರೆಯೊಳಗೆ ಇಳಿಯಿರಿ. ತಂದ ತಟ್ಟೆ ಲೋಟ ತಿರುಗಿ ಒಯ್ಯಿರಿ, ಗಿಡದ ಎಲೆಯನ್ನೂ ಕೀಳಬೇಡಿ. ಬೀಡಿ, ಸಿಗರೇಟು, ಬೆಂಕಿಪೊಟ್ಟಣ ಡಂಬಳದಲ್ಲೇ ಬಿಟ್ಟು ಬನ್ನಿ. ಎಲ್ಲಾದರೂ ಹೊಗೆ ಕಂಡರೆ ಮೊಬೈಲಿನಲ್ಲಿ ಮೊದಲು ಫೋಟೊ ತೆಗೆಯದೆ, ಇಲಾಖೆಯವರಿಗೆ ಫೋನ್ ಮಾಡಿ.